ಹೊಟ್ಟೆಗೆ ಕತ್ತರಿ: ಆಯ್ಕೆ ಯಾರದ್ದು?

ನಗರದ ದೊಡ್ಡ ರಸ್ತೆಗಳ ಫಲಕಗಳಲ್ಲಿ, ಪತ್ರಿಕೆಗಳ ಜಾಹೀರಾತುಗಳಲ್ಲಿ, ಈಗ ಮೊಬೈಲ್ ಪರದೆಯ ಮೇಲೂ ನಾವು ಮತ್ತೆ ಮತ್ತೆ ನೋಡುವ ಎರಡು ಚಿತ್ರಗಳಿವೆ. ‘ಮೊದಲು’ ಎಂಬ ಚಿತ್ರದಲ್ಲಿ ದಪ್ಪನೆಯ ಹೆಂಗಸೊಬ್ಬಳು ತಲೆ ತಗ್ಗಿಸಿ ನಿಂತಿರುತ್ತಾಳೆ. ‘ನಂತರ’ ಎಂಬ ಚಿತ್ರದಲ್ಲಿ ಅವಳೇ ತೆಳ್ಳಗಾಗಿ ನಗುತ್ತಿರುತ್ತಾಳೆ. ಇವೆರಡರ ನಡುವೆ ಅವಳ ಹೊಟ್ಟೆಯೊಳಗೆ ಏನು ನಡೆಯಿತು, ಇನ್ನು ಬದುಕಿರುವಷ್ಟು ಕಾಲ ಅವಳು ಏನೇನು ಪಾಲಿಸಬೇಕು ಎಂಬುದನ್ನು ಯಾವ ಫಲಕವೂ ಹೇಳುವುದಿಲ್ಲ. ಬಟ್ಟೆ ಅಂಗಡಿಯಲ್ಲಿ ಸೀರೆ ಆರಿಸಿದಂತೆ ಹೊಟ್ಟೆಯ ಶಸ್ತ್ರಚಿಕಿತ್ಸೆಯನ್ನೂ ಆರಿಸಿಕೊಳ್ಳಿ ಎನ್ನುವ ಈ ವ್ಯಾಪಾರದ ಬಗ್ಗೆ ನಾವು ಬಾಯಿ ಬಿಡಲೇಬೇಕಾಗಿದೆ.

ಮೊದಲಿಗೆ ಒಂದು ಮಾತು. ನಾವು ಈ ಶಸ್ತ್ರಚಿಕಿತ್ಸೆಯ ವಿರೋಧಿಗಳಲ್ಲ. ಮಿತಿಮೀರಿದ ತೂಕದ ಜೊತೆಗೆ ಸಕ್ಕರೆ ಕಾಯಿಲೆ, ರಕ್ತದೊತ್ತಡ, ನಿದ್ದೆಯಲ್ಲಿ ಉಸಿರು ಕಟ್ಟುವ ತೊಂದರೆ ಇರುವವರಿಗೆ ಇದು ಆಯುಸ್ಸನ್ನೇ ಹೆಚ್ಚಿಸಬಲ್ಲ ಚಿಕಿತ್ಸೆ. ‘ಬಾಯಿ ಕಟ್ಟಿದ್ದರೆ ಸಾಕಿತ್ತು, ಆಪರೇಷನ್ ಯಾಕೆ?’ ಎಂದು ವಲೀಮಾದ ಬಿರಿಯಾನಿ ತಟ್ಟೆಯ ಮುಂದೆ ಕುಳಿತು ಉಪದೇಶ ಮಾಡುವ ಹಿರಿಯರಿಗೂ ನಮ್ಮ ತಕರಾರು ಇದೆ. ಹೆಂಗಸರು ಬೆಳಗ್ಗೆ ಅರ್ಧ ಗಂಟೆ ನಡೆಯಲು ಒಂದು ಪಾರ್ಕಿಲ್ಲದ, ನಡೆದರೂ ನಾಲ್ಕು ಕಣ್ಣುಗಳು ಹಿಂಬಾಲಿಸುವ ಮೊಹಲ್ಲಾಗಳಲ್ಲಿ ಬೊಜ್ಜು ಬರೀ ಬಾಯಿಚಪಲದ ಫಲವೆಂದು ತೀರ್ಪು ಕೊಡುವುದು ಅನ್ಯಾಯ.

ಹಾಗಾದರೆ ಆರಿಸಿಕೊಳ್ಳಬೇಕಾದದ್ದು ಏನು? ಸ್ಲೀವ್ ಎಂಬುದರಲ್ಲಿ ಜಠರದ ಸುಮಾರು ಮುಕ್ಕಾಲು ಭಾಗವನ್ನು ಕತ್ತರಿಸಿ ಹೊರತೆಗೆದು, ಬಾಳೆಕಾಯಿಯಂತಹ ಸಪೂರ ಕೊಳವೆಯೊಂದನ್ನು ಉಳಿಸುತ್ತಾರೆ. ಹಸಿವು ಹುಟ್ಟಿಸುವ ಗ್ರೆಲಿನ್ ಎಂಬ ಹಾರ್ಮೋನು ಇದರಿಂದ ಕಡಿಮೆಯಾಗುತ್ತದೆ. ಕತ್ತರಿಸಿದ ಭಾಗವನ್ನು ಮರಳಿ ಜೋಡಿಸಲು ಸಾಧ್ಯವಿಲ್ಲ. ಬೈಪಾಸ್‌ನಲ್ಲಿ ಜಠರದ ಮೇಲ್ತುದಿಯಲ್ಲಿ ಸುಮಾರು 30 ಮಿಲಿಲೀಟರ್ ಹಿಡಿಯುವ ಪುಟ್ಟ ಚೀಲ ಮಾಡಿ, ಸಣ್ಣ ಕರುಳನ್ನು ನೇರವಾಗಿ ಅದಕ್ಕೆ ಜೋಡಿಸುತ್ತಾರೆ. ಉಳಿದ ಜಠರ ಒಳಗೇ ಇರುತ್ತದೆ, ಊಟ ಮಾತ್ರ ಆ ದಾರಿಯಲ್ಲಿ ಹೋಗುವುದಿಲ್ಲ. 1966ರಲ್ಲಿ ಅಮೆರಿಕದ ಅಯೋವಾದ ವೈದ್ಯ ಎಡ್ವರ್ಡ್ ಮೇಸನ್ ಆರಂಭಿಸಿದ ಕ್ರಮ ಇದರ ಮೂಲ. ಒಂದೇ ಜೋಡಣೆಯ ‘ಮಿನಿ ಬೈಪಾಸ್’ 1997ರಲ್ಲಿ ಬಂತು. ಹೆಸರು ಮಿನಿಯಾದರೂ ಅದೂ ಕರುಳಿನ ದಾರಿ ಬದಲಿಸುವ ದೊಡ್ಡ ಶಸ್ತ್ರಚಿಕಿತ್ಸೆಯೇ. ಜಠರಕ್ಕೆ ಸಿಲಿಕೋನ್ ಪಟ್ಟಿ ಬಿಗಿಯುವ ಬ್ಯಾಂಡ್ ಒಂದು ಕಾಲದಲ್ಲಿ ಬಹಳ ಮೆರೆಯಿತು. ಹಾಕಿಸಿಕೊಂಡವರಲ್ಲಿ ಎಷ್ಟೋ ಮಂದಿ ಆಮೇಲೆ ಅದನ್ನು ತೆಗೆಸಿಕೊಳ್ಳಬೇಕಾಯಿತು. ಇನ್ನು ಬಾಯಿಯ ಮೂಲಕ ಇಳಿಸುವ ಬಲೂನ್ ಶಸ್ತ್ರಚಿಕಿತ್ಸೆಯಲ್ಲ. ಕೆಲವು ತಿಂಗಳುಗಳಲ್ಲಿ ಅದನ್ನು ತೆಗೆಯುತ್ತಾರೆ, ತೂಕ ಮರಳುವ ಭಯ ಉಳಿಯುತ್ತದೆ.

ಇಂದು ಜಗತ್ತಿನಲ್ಲೇ ಅತಿ ಹೆಚ್ಚು ನಡೆಯುತ್ತಿರುವುದು ಸ್ಲೀವ್. ಸಮಯ ಕಡಿಮೆ, ಕರುಳಿನ ಜೋಡಣೆ ಇಲ್ಲ, ಕೆಲಸ ಸರಳ. ಇವು ರೋಗಿಗೂ ಅನುಕೂಲವೇ. ಆದರೆ ಮಾಡುವವರಿಗೆ ಸರಳವಾದದ್ದು ಮಾಡಿಸಿಕೊಳ್ಳುವ ಎಲ್ಲರಿಗೂ ಸರಿಯಾಗಬೇಕೆಂದಿಲ್ಲ. ಫಿನ್ಲೆಂಡಿನಲ್ಲಿ 240 ಜನರನ್ನು ಎರಡು ಗುಂಪು ಮಾಡಿ, ಒಂದಕ್ಕೆ ಸ್ಲೀವ್, ಇನ್ನೊಂದಕ್ಕೆ ಬೈಪಾಸ್ ಮಾಡಿ ಹತ್ತು ವರ್ಷ ನೋಡಿದರು. ಫಲಿತಾಂಶ 2022ರಲ್ಲಿ ಪ್ರಕಟವಾಯಿತು. ಹೆಚ್ಚುವರಿ ತೂಕದಲ್ಲಿ ಸ್ಲೀವ್‌ನವರು ಶೇಕಡಾ 43.5, ಬೈಪಾಸ್‌ನವರು ಶೇಕಡಾ 50.7 ಕಳೆದುಕೊಂಡಿದ್ದರು. ಅಂದರೆ ತೂಕದಲ್ಲಿ ಆಕಾಶ ಭೂಮಿಯ ಅಂತರವೇನಿಲ್ಲ. ಅಂತರ ಕಂಡದ್ದು ಬೇರೆ ಕಡೆ: ಆಮ್ಲ ಮೇಲೇರಿ ಅನ್ನನಾಳ ಹುಣ್ಣಾದವರು ಸ್ಲೀವ್ ಗುಂಪಿನಲ್ಲಿ ಶೇಕಡಾ 31, ಬೈಪಾಸ್ ಗುಂಪಿನಲ್ಲಿ ಶೇಕಡಾ 7. ಹಾಗಿದ್ದರೆ ದಿನವೂ ಎದೆಯುರಿಯಿಂದ ನರಳುವ ಹೆಂಗಸಿಗೆ ಸ್ಲೀವ್ ಸೂಚಿಸುವ ಮುನ್ನ ಈ ಮಾತನ್ನು ಅವಳಿಗೆ ಹೇಳಬೇಡವೇ? ಮೊದಲೇ ದೂರಬೀನು ಇಳಿಸಿ ಅನ್ನನಾಳವನ್ನು ಪರೀಕ್ಷಿಸಬೇಡವೇ?

ಬೈಪಾಸ್‌ಗೂ ತನ್ನದೇ ಸುಂಕವಿದೆ. ಸಿಹಿ ತಿಂದರೆ ಬೆವರು, ಎದೆಬಡಿತ, ಭೇದಿ ಶುರುವಾಗಬಹುದು. ಮಂಡಿನೋವಿಗೆಂದು ಅಂಗಡಿಯಿಂದ ತರಿಸಿ ನುಂಗುವ ನೋವಿನ ಮಾತ್ರೆಗಳಲ್ಲಿ ಅನೇಕವು ಜೋಡಣೆಯ ಜಾಗದಲ್ಲಿ ಹುಣ್ಣು ಮಾಡುತ್ತವೆ, ಬೀಡಿ ಸಿಗರೇಟು ಕೂಡ ಹಾಗೆಯೇ. ಕಬ್ಬಿಣ, ಕ್ಯಾಲ್ಸಿಯಂ, ವಿಟಮಿನ್ ಡಿ ಮತ್ತು ಬಿ12 ಜೀವನಪರ್ಯಂತ ಬೇಕು, ರಕ್ತಪರೀಕ್ಷೆಯೂ ಬೇಕು. ಸ್ಲೀವ್ ಆದವರಿಗೂ ಇದು ತಪ್ಪಿದ್ದಲ್ಲ. ಒಮ್ಮೆಗೆ ಲೋಟ ತುಂಬ ನೀರು ಕುಡಿಯಲಾಗದವರು ರಂಜಾನಿನ ಉಪವಾಸವನ್ನು ವೈದ್ಯರೊಡನೆ ಚರ್ಚಿಸಿಯೇ ತೀರ್ಮಾನಿಸಬೇಕು. ಮಾತ್ರೆಯ ಜೆಲಟಿನ್ ಕವಚ ಹಲಾಲೇ ಎಂದು ಮೌಲ್ವಿಗಳನ್ನು ಕೇಳುವ ಕುಟುಂಬಗಳು, ‘ಈ ಆಪರೇಷನ್ ನೀವು ಎಷ್ಟು ಮಾಡಿದ್ದೀರಿ, ಎರಡೂ ವಿಧಾನ ನಿಮಗೆ ಬರುತ್ತದೆಯೇ?’ ಎಂದು ವೈದ್ಯರನ್ನು ಕೇಳಲು ಹಿಂಜರಿಯುತ್ತವೆ. ಸ್ಲೀವ್ ಮಾತ್ರ ಬಲ್ಲವರ ಬಳಿ ಹೋದರೆ ಸಿಗುವ ಸಲಹೆಯೂ ಸ್ಲೀವೇ ಆಗಿರುತ್ತದೆ!

ನಮ್ಮನ್ನು ಹೆಚ್ಚು ಕಳವಳಕ್ಕೆ ಈಡುಮಾಡಿರುವುದು ಮದುವೆಯ ಮಾರುಕಟ್ಟೆ. ಬಣ್ಣ, ಎತ್ತರ, ವರದಕ್ಷಿಣೆಗಳ ಪಟ್ಟಿಗೆ ಈಗ ತೂಕವೂ ಸೇರಿದೆ. ಅಮೆರಿಕದ ಮತ್ತು ಅಂತಾರಾಷ್ಟ್ರೀಯ ಶಸ್ತ್ರವೈದ್ಯರ ಸಂಘಗಳು 2022ರಲ್ಲಿ ತಮ್ಮ ನಿಯಮ ಬದಲಿಸಿ, ಬಿಎಂಐ 35 ದಾಟಿದವರಿಗೆ ಬೇರೆ ಕಾಯಿಲೆ ಇಲ್ಲದಿದ್ದರೂ ಈ ಚಿಕಿತ್ಸೆ ಆಗಬಹುದು, ಏಷ್ಯಾದವರಿಗೆ 27.5ರಿಂದಲೇ ಅವಕಾಶ ಕೊಡಬೇಕು ಎಂದವು. ಕಡಿಮೆ ತೂಕದಲ್ಲೇ ನಮ್ಮವರಿಗೆ ಸಕ್ಕರೆ ಕಾಯಿಲೆ ಅಂಟುತ್ತದೆ ಎಂಬ ಸತ್ಯ ಇದರ ಹಿಂದಿದೆ. ಆದರೆ 27.5 ಎಂದರೆ ಐದಡಿ ಎತ್ತರದ ಹುಡುಗಿಗೆ ಸುಮಾರು 64 ಕಿಲೋ! ಕಾಯಿಲೆಗೆಂದು ತೆರೆದ ಬಾಗಿಲಿನಲ್ಲಿ ಹೆಣ್ಣು ನೋಡಲು ಬರುವವರ ಭಯಕ್ಕೆ ಆರೋಗ್ಯವಂತ ಹುಡುಗಿಯರನ್ನೂ ನೂಕಿದರೆ ತಡೆಯುವವರು ಯಾರು?

ಆಮೇಲಿನ ಬದುಕನ್ನು ಊಹಿಸಿಕೊಳ್ಳಿ. ಸಂಗತಿಯನ್ನು ಗಂಡನ ಮನೆಯವರಿಂದ ಮುಚ್ಚಿಟ್ಟಿರುತ್ತಾರೆ. ಸೊಸೆ ನಾಲ್ಕು ತುತ್ತಿಗೆ ಕೈತೊಳೆದರೆ ‘ನಮ್ಮ ಮನೆಯ ಊಟ ಹಿಡಿಸುವುದಿಲ್ಲವೇನಮ್ಮಾ?’ ಎಂದು ಅತ್ತೆಯ ಪ್ರಶ್ನೆ. ಮಾತ್ರೆಗಳನ್ನು ಕದ್ದು ನುಂಗಬೇಕು. ತೂಕ ವೇಗವಾಗಿ ಇಳಿಯುವಾಗ ಗರ್ಭ ನಿಂತರೆ ತಾಯಿಗೂ ಮಗುವಿಗೂ ಪೋಷಣೆ ಸಾಲದೆ ಹೋಗಬಹುದು, ಆದ್ದರಿಂದ ಒಂದರಿಂದ ಒಂದೂವರೆ ವರ್ಷ ಕಾಯಬೇಕು ಎನ್ನುತ್ತಾರೆ ವೈದ್ಯರು. ನಮ್ಮ ಮನೆಗಳಲ್ಲಿ ಮದುವೆಯಾದ ಮೂರನೇ ತಿಂಗಳಿಗೇ ‘ಸಿಹಿಸುದ್ದಿ ಇಲ್ಲವೇ?’ ಎಂಬ ವಿಚಾರಣೆ ಶುರು. ಆ ಹುಡುಗಿ ಯಾರ ಮುಂದೆ ಏನು ಹೇಳಬೇಕು?

ಕೊಬ್ಬು ಹೀರಿ ತೆಗೆಯುವ ಲೈಪೋಸಕ್ಷನ್ ಮತ್ತು ಜಠರದ ಶಸ್ತ್ರಚಿಕಿತ್ಸೆ ಒಂದೇ ಎಂದು ತಿಳಿದವರೂ ಬಹಳ. ಮೊದಲನೆಯದು ದೇಹದ ಆಕಾರ ತಿದ್ದುವಂಥದ್ದು, ಸಕ್ಕರೆ ಕಾಯಿಲೆಗೆ ಮದ್ದಲ್ಲ. 2022ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಕಿರುತೆರೆಯ 21 ವರ್ಷದ ನಟಿಯೊಬ್ಬಳು ಕೊಬ್ಬು ತೆಗೆಸಿಕೊಳ್ಳಲು ಹೋಗಿ ಪ್ರಾಣ ಬಿಟ್ಟಳು. ಇಪ್ಪತ್ತೊಂದರ ಹುಡುಗಿಯೊಬ್ಬಳು ತನ್ನ ದೇಹ ಸಾಲದು ಎಂದು ನಂಬುವಂತೆ ಮಾಡಿದವರಲ್ಲಿ ಪರದೆಯ ಮುಂದೆ ಕೂರುವ ನಾವೂ ಇಲ್ಲವೇ?

ಹಣದ ಲೆಕ್ಕವನ್ನೂ ಬಿಡುವಂತಿಲ್ಲ. ವಿಮಾ ನಿಯಂತ್ರಣ ಪ್ರಾಧಿಕಾರ 2019ರಲ್ಲಿ ರೂಪಿಸಿದ ನಿಯಮದಲ್ಲಿ ಬಿಎಂಐ 40 ದಾಟಿದವರ, ಇಲ್ಲವೇ 35 ದಾಟಿ ಗಂಭೀರ ಕಾಯಿಲೆಯೂ ಇರುವವರ ಶಸ್ತ್ರಚಿಕಿತ್ಸೆಯನ್ನು ಕಂಪನಿಗಳು ಹೊರಗಿಡುವಂತಿಲ್ಲ. ಪಾಲಿಸಿಯ ಕಾಯುವ ಅವಧಿಯೂ ಮುಗಿದಿರಬೇಕು. ಸಾಲ ಮಾಡುವ ಮುನ್ನ ಇದನ್ನು ವಿಚಾರಿಸಬೇಕು. 2025ರ ಮಾರ್ಚ್‌ನಲ್ಲಿ ಟಿರ್ಜೆಪಟೈಡ್ ಎಂಬ ಚುಚ್ಚುಮದ್ದೂ ನಮ್ಮ ದೇಶಕ್ಕೆ ಬಂದಿದೆ. ನಿಲ್ಲಿಸಿದರೆ ತೂಕ ಮರಳುವುದು ಅದರ ಮಿತಿ. ಆದರೂ ಕತ್ತರಿಯೊಂದೇ ದಾರಿ ಎಂದು ಯಾರಾದರೂ ಹೇಳಿದರೆ ನಂಬಬೇಕಾಗಿಲ್ಲ.

ನಾವು ಕೇಳುತ್ತಿರುವುದು ದೊಡ್ಡದೇನಲ್ಲ. ಒಪ್ಪಿಗೆಪತ್ರ ಕನ್ನಡದಲ್ಲಿರಲಿ, ಬೇಕಾದವರಿಗೆ ಉರ್ದುವಿನಲ್ಲೂ ಇರಲಿ. ಹತ್ತು ವರ್ಷಗಳ ಮಾತ್ರೆ, ಪರೀಕ್ಷೆಗಳ ಖರ್ಚನ್ನು ಮೊದಲೇ ಬರೆದು ಕೊಡಲಿ. ಅಪ್ಪ, ಅಣ್ಣ, ಭಾವೀ ಅತ್ತೆ ಯಾರೂ ಇಲ್ಲದ ಕೋಣೆಯಲ್ಲಿ ವೈದ್ಯರು ಆ ಹೆಣ್ಣುಮಗಳನ್ನೇ ಕೂರಿಸಿ, ‘ಇದು ನಿನಗೆ ಬೇಕೇನಮ್ಮಾ?’ ಎಂದು ಕೇಳಲಿ. ಅವಳು ಬೇಡವೆಂದರೆ ಅಲ್ಲಿಗೇ ನಿಲ್ಲಲಿ. ಬೇಕೆಂದರೆ ಸ್ಲೀವೋ ಬೈಪಾಸೋ ಎಂಬುದನ್ನು ಅವಳ ಎದೆಯುರಿ, ಅವಳ ಸಕ್ಕರೆಯ ಮಟ್ಟ, ಅವಳು ಹೆರಬೇಕೆಂದಿರುವ ಮಗು ನಿರ್ಧರಿಸಲಿ. ಅವಳನ್ನು ನೋಡಲು ಬರುವವರಿಗೆ ಆ ಕೋಣೆಯಲ್ಲಿ ಕುರ್ಚಿ ಹಾಕುವುದು ಬೇಡ.