ಫೋನ್ ಕಿತ್ತುಕೊಳ್ಳಬೇಡಿ, ಹೇಳಿಕೊಡಿ

ಮೊದಲೇ ಹೇಳಿಬಿಡುತ್ತೇನೆ, ಈ ಲೇಖನದಲ್ಲಿ ಬರುವ ದಾದಿ ಆಸ್ಪತ್ರೆಯ ನರ್ಸ್ ಅಲ್ಲ. ಉರ್ದು ಮಾತಾಡುವ ನಮ್ಮ ಮನೆಗಳಲ್ಲಿ ಅಬ್ಬಾನ ತಾಯಿಯನ್ನು ದಾದಿ ಎನ್ನುತ್ತೇವೆ. ಎಂಟನೇ ಕ್ಲಾಸಿನಲ್ಲಿ ನಾನು ಕನ್ನಡ ಪ್ರಬಂಧದಲ್ಲಿ "ನನ್ನನ್ನು ಸಾಕಿದ್ದು ನಮ್ಮ ದಾದಿ" ಎಂದು ಬರೆದಾಗ ಮೇಡಂ "ಅಷ್ಟು ಶ್ರೀಮಂತರೇನಮ್ಮ ನೀವು?" ಎಂದು ಕೇಳಿದ್ದರು. ಇಡೀ ಕ್ಲಾಸ್ ನಕ್ಕಿತ್ತು. ನಾನೂ ನಕ್ಕಿದ್ದೆ.

ನಮ್ಮ ದಾದಿಯ ಹತ್ತಿರ ಎರಡು ವರ್ಷದಿಂದ ಒಂದು ಬಟನ್ ಫೋನ್ ಇದೆ. ಈ ವರ್ಷದ ಬೇಸಿಗೆ ರಜೆಯವರೆಗೆ ಅವರಿಗೆ ಗೊತ್ತಿದ್ದದ್ದು ಎರಡೇ ಬಟನ್. ಹಸಿರು ಒತ್ತಿದರೆ ಮಾತು ಶುರು, ಕೆಂಪು ಒತ್ತಿದರೆ ಮಾತು ಬಂದ್. ಅಂದರೆ ಬೇರೆಯವರು ಕರೆದಾಗ ಮಾತ್ರ ಅದು ಫೋನ್. ಉಳಿದ ಹೊತ್ತು ಸೆರಗಿನ ತುದಿಯಲ್ಲಿ ಗಂಟು ಹಾಕಿಟ್ಟ ಒಂದು ಭಾರ, ಅಷ್ಟೇ. ನನಗೆ ಹೇಗೆ ಫೋನ್ ಮಾಡುವುದು ಎಂದು ಅವರು ಎರಡು ಮೂರು ಸಲ ಕೇಳಿದ್ದರು. ಪ್ರತಿ ಸಲವೂ ನಾನು ಫೋನ್ ಇಸಿದುಕೊಂಡು, ಬೇಕಾದ ನಂಬರ್ ಒತ್ತಿ, ಅವರ ಕಿವಿಗೆ ಹಿಡಿದಿದ್ದೆ. "ರಹನ್ ದೇವ್ ದಾದಿ, ಮೈ ಹೂಂ ನಾ" ಎಂದಿದ್ದೆ. ಇರಲಿ ಬಿಡಿ, ನಾನಿದ್ದೀನಲ್ಲ.

ಮಾರ್ಚ್ ತಿಂಗಳಲ್ಲಿ, ನಮ್ಮ ಪ್ರಥಮ ಪಿಯುಸಿ ಪರೀಕ್ಷೆ ಮುಗಿದ ವಾರ, ಅಮ್ಮಿ ಮತ್ತು ನಾನು ಮದುವೆಗೆಂದು ಮಧುಗಿರಿಗೆ ಹೋಗಿದ್ದೆವು. ಅಬ್ಬಾ ಹುಣಸೆಹಣ್ಣಿನ ಲೋಡಿನ ಜೊತೆ ತುಮಕೂರು ಮಂಡಿಗೆ ಹೋಗಿದ್ದರು. ಗೌಡಗೆರೆಯ ಮನೆಯಲ್ಲಿ ದಾದಾ, ದಾದಿ ಇಬ್ಬರೇ. ದಾದಾಗೆ ಶುಗರ್ ಇದೆ. ರಾತ್ರಿ ಹನ್ನೊಂದರ ಸುಮಾರಿಗೆ ಅವರಿಗೆ ಮೈಯೆಲ್ಲ ಬೆವರಿ, ಕೈ ನಡುಗಿ, ಮಾತು ತೊದಲತೊಡಗಿತು. ದಾದಿ ಫೋನ್ ತೆಗೆದು ಹಸಿರು ಬಟನ್ ಒತ್ತಿದರು. ಪರದೆಯ ಮೇಲೆ ಒಂದು ಪಟ್ಟಿ ಬಂತು. ಮೊದಲ ಸಾಲಿನಲ್ಲೇ ಅಬ್ಬಾನ ನಂಬರ್ ಇತ್ತು, ಸಂಜೆ ಅವರೇ ಫೋನ್ ಮಾಡಿದ್ದರಲ್ಲ. ಅದೇ ಹಸಿರು ಬಟನ್ ಇನ್ನೊಂದು ಸಲ ಒತ್ತಿದ್ದರೆ ಸಾಕಿತ್ತು. ದಾದಿಗೆ ಅದು ಗೊತ್ತಿರಲಿಲ್ಲ. ಏನೋ ತಪ್ಪಾಯಿತು ಎಂದುಕೊಂಡು ಕೆಂಪು ಒತ್ತಿದರು. ಪಟ್ಟಿ ಹೋಯಿತು. ಮತ್ತೆ ಹಸಿರು, ಮತ್ತೆ ಪಟ್ಟಿ, ಮತ್ತೆ ಕೆಂಪು. ಹೀಗೆ ಎಷ್ಟು ಸಲ ಮಾಡಿದೆನೋ ನೆನಪಿಲ್ಲ ಎಂದು ಆಮೇಲೆ ಹೇಳಿದರು. ಕೊನೆಗೆ ಫೋನ್ ಹಾಸಿಗೆಯ ಮೇಲೆ ಎಸೆದು ಬೀದಿಗೆ ಓಡಿ ಎದುರು ಮನೆಯ ಬಾಗಿಲು ಬಡಿದಿದ್ದಾರೆ. ಆ ಮನೆಯ ಅಕ್ಕ ಬಂದು ಸಕ್ಕರೆ ನೀರು ಕುಡಿಸಿದರು. ದಾದಾ ಚೇತರಿಸಿಕೊಂಡರು.

ಬೆಳಿಗ್ಗೆ ನಾವು ಬಂದಾಗ ಎಲ್ಲರೂ ಅಲ್ಲಾಹನಿಗೆ ಶುಕ್ರ್ ಹೇಳಿದರು. ಯಾರೂ ನನ್ನನ್ನು ಬೈಯಲಿಲ್ಲ. ಎದುರು ಮನೆ ಅಕ್ಕ ಮಾತ್ರ "ಅಲ್ಲ ಕಣಮ್ಮ, ಕಾಲೇಜಿಗೆ ಹೋಗ್ತೀಯ, ಅಜ್ಜಿಗೆ ಒಂದು ಫೋನ್ ಮಾಡೋದು ಕಲಿಸಬಾರ್ದಾ?" ಎಂದರು. ಆ ಮಾತು ಇನ್ನೂ ಚುಚ್ಚುತ್ತದೆ.

ಅವತ್ತು ಸಂಜೆಯೇ ಕಲಿಸಲು ಕೂತೆ. ಒಂದು ಗಂಟೆಯ ಕೆಲಸ ಎಂದುಕೊಂಡಿದ್ದೆ, ಇಪ್ಪತ್ತು ದಿನ ಹಿಡಿಯಿತು. ನಮಗೆ ಸುಲಭ ಅನ್ನಿಸುವ ಈ ಡಬ್ಬಿ ಯಾಕೆ ಕಷ್ಟ ಎನ್ನುವುದು ನನಗೆ ಗೊತ್ತಾಗಿದ್ದೂ ಆಗಲೇ.

ಪರದೆಯ ಚಿತ್ರಗಳೇ ಕಷ್ಟವಾಗುತ್ತವೆ ಎಂದು ನಾನು ಅಂದಾಜು ಮಾಡಿದ್ದೆ. ಅದು ಪೂರ್ತಿ ಉಲ್ಟಾ ಆಯಿತು. ಮೆಸೇಜಿನ ಚಿತ್ರ ತೋರಿಸಿದ ಕೂಡಲೇ "ಲಿಫಾಫಾ" ಎಂದರು. ಅವರ ಅಣ್ಣ ಕಾಗದ ಬರೆಯುತ್ತಿದ್ದ ಕಾಲದಿಂದ ಲಕೋಟೆ ನೋಡಿದವರು ಅವರು. ಕರೆಯ ಚಿತ್ರ ನೋಡಿ "ಎಸ್‌ಟಿಡಿ ಬೂತಿನ ಫೋನ್" ಎಂದರು. ಗಂಟೆ, ಎರಡು ಕಿವಿಯ ಅಲಾರಂ ಗಡಿಯಾರ, ಟಾರ್ಚು, ಎಲ್ಲವೂ ಅವರು ಕೈಯಲ್ಲಿ ಹಿಡಿದ ವಸ್ತುಗಳು. ನಾನು ಹುಟ್ಟಿದ ಮೇಲೆ ನಮ್ಮ ಮನೆಯಲ್ಲಿ ತಂತಿ ಇರುವ ಫೋನೇ ಇರಲಿಲ್ಲ, ಒಂದು ಕಾಗದವನ್ನೂ ನಾನು ಅಂಚೆ ಡಬ್ಬಿಗೆ ಹಾಕಿಲ್ಲ. ಆ ಚಿತ್ರಗಳು ನಿಜವಾಗಿ ದಾದಿಯ ಕಾಲದವು. ನಾವು ಅವನ್ನು ಬಾಯಿಪಾಠ ಮಾಡಿದ್ದೇವೆ, ಅಷ್ಟೇ. ಸಿಗ್ನಲ್ ಕಡ್ಡಿಗಳಿಗೆ ಅವರು 'ಏಣಿ' ಎಂದು ಹೆಸರಿಟ್ಟರು, ಬ್ಯಾಟರಿಗೆ 'ಡಬ್ಬಿ' ಎಂದು. ನಾನು ಸಿಗ್ನಲ್, ಬ್ಯಾಟರಿ ಎಂದು ತಿದ್ದಲು ಹೋಗಿ ಎರಡು ದಿನ ಹಾಳು ಮಾಡಿದೆ. ಆಮೇಲೆ ನಾನೇ ಏಣಿ, ಡಬ್ಬಿ ಎನ್ನತೊಡಗಿದೆ. ಕೆಲಸ ಬೇಗ ಸಾಗಿತು.

ಕಷ್ಟ ಇದ್ದದ್ದು ಪರದೆಯ ಕೆಳಗಿನ ಆ ಎರಡು ಬಟನ್‌ಗಳಲ್ಲಿ. ಎಡಗಡೆಯದು ಒಮ್ಮೆ 'ಮೆನು', ಒಮ್ಮೆ 'ಆಯ್ಕೆ', ಇನ್ನೊಮ್ಮೆ 'ಸರಿ'. ಬಲಗಡೆಯದು ಒಮ್ಮೆ ಹೆಸರುಗಳ ಪಟ್ಟಿ, ಒಮ್ಮೆ 'ಹಿಂದೆ', ಒಮ್ಮೆ 'ಅಳಿಸು'. ಬಟನ್ ಒಂದೇ, ಕೆಲಸ ಹೊತ್ತಿಗೊಂದು. ಅದರ ಮೇಲಿನ ಪರದೆಯ ಪದ ಓದಲು ಬಂದರೆ ಮಾತ್ರ ಅದು ಈಗ ಏನು ಮಾಡುತ್ತದೆ ಎಂದು ಗೊತ್ತು. ದಾದಿ ಉರ್ದು ನಿಧಾನವಾಗಿ ಓದುತ್ತಾರೆ, ಕನ್ನಡ ಚೆನ್ನಾಗಿ ಮಾತಾಡುತ್ತಾರೆ ಆದರೆ ಓದಲು ಬರುವುದಿಲ್ಲ, ಇಂಗ್ಲಿಷ್ ಬರುವುದೇ ಇಲ್ಲ. "ಹೊಲಿಗೆ ಮಿಷಿನ್ನಿನ ಚಕ್ರ ತಿರುಗಿಸಿದರೆ ಯಾವತ್ತೂ ಸೂಜಿಯೇ ಓಡುತ್ತದೆ, ಇದು ಯಾಕೆ ಹೀಗೆ ಮಾತು ಬದಲಿಸುತ್ತದೆ?" ಎಂದು ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಕೊನೆಗೆ ಒಂದು ನಿಯಮ ಮಾಡಿಕೊಂಡೆವು: ದಾರಿ ತಪ್ಪಿದರೆ ಹೆದರಬೇಡಿ, ಕೆಂಪು ಒತ್ತಿ, ಮನೆಗೆ ವಾಪಸ್ ಬರುತ್ತೀರಿ.

ಅಂಕಿಗಳ ವಿಷಯದಲ್ಲಿ ಪೆಟ್ಟು ತಿಂದವಳು ನಾನು. ಕಾಮರ್ಸ್‌ನವರಿಗೆ ಕ್ಯಾಲ್ಕುಲೇಟರ್ ಕೈಗೆ ಅಂಟಿದ್ದು. ಅದರಲ್ಲಿ ಮೇಲಿನ ಸಾಲು 7, 8, 9. ಫೋನಿನಲ್ಲಿ ಮೇಲಿನ ಸಾಲು 1, 2, 3. ನೋಡದೆ ಒತ್ತಿ ತೋರಿಸುತ್ತೇನೆಂದು ಹೋಗಿ ತಪ್ಪು ನಂಬರಿಗೆ ಕರೆ ಮಾಡಿದೆ. 1963ರಲ್ಲಿ ಅಮೆರಿಕದ ಬೆಲ್ ಕಂಪನಿ ಡಯಲ್ ತಿರುಗಿಸುವ ಫೋನಿನ ಬದಲು ಬಟನ್ ಫೋನ್ ತಂದಾಗ, ಅದಕ್ಕೂ ಮೊದಲು ಹಲವು ಜೋಡಣೆಗಳನ್ನು ಜನರ ಕೈಗೆ ಕೊಟ್ಟು ಪರೀಕ್ಷಿಸಿ ಈ ಕ್ರಮವನ್ನು ಆರಿಸಿದ್ದರಂತೆ. 5ರ ಮೇಲೆ ಒಂದು ಸಣ್ಣ ಉಬ್ಬು ಇರುತ್ತದೆ, ಮುಟ್ಟಿ ನೋಡಿ. ಕಣ್ಣಿಗೆ ಪೊರೆ ಬಂದ ದಾದಿಗೆ ಅದೇ ಊರ ಬಾಗಿಲು. ಅದರ ಮೇಲೆ 2, ಕೆಳಗೆ 8, ಪಕ್ಕಗಳಲ್ಲಿ 4 ಮತ್ತು 6.

ಇನ್ನೊಂದು ತೊಂದರೆ ಅವರ ಹೆಬ್ಬೆರಳು. ವರ್ಷಗಟ್ಟಲೆ ಹುಣಸೆಹಣ್ಣು ಬಿಡಿಸಿ, ಕಡಲೆಕಾಯಿ ಸುಲಿದು ಅದು ಕಲ್ಲಿನಂತಾಗಿದೆ. ಬಟನ್ ಒತ್ತಿದರೆ ಬಿಡುವುದೇ ಇಲ್ಲ, ಹಿಡಿದೇ ಇರುತ್ತಾರೆ. ನಮ್ಮ ಫೋನಿನಲ್ಲಿ ಹ್ಯಾಷ್ ಬಟನ್ ಒತ್ತಿ ಹಿಡಿದರೆ ಫೋನ್ ಸೈಲೆಂಟ್ ಆಗುತ್ತದೆ. "ಅಮ್ಮಾ ಫೋನ್ ಎತ್ತುವುದೇ ಇಲ್ಲ" ಎಂದು ಅಬ್ಬಾ ಎರಡು ವರ್ಷದಿಂದ ಸಿಟ್ಟಾಗುತ್ತಿದ್ದರು. ಕಾರಣ ಇಷ್ಟೇ ಇತ್ತು! ಪರದೆಯ ಮೇಲೆ ಅಡ್ಡಗೆರೆ ಎಳೆದ ಗಂಟೆ ಇತ್ತು, ಅದರ ಅರ್ಥ ಅವರಿಗೆ ಯಾರೂ ಹೇಳಿರಲಿಲ್ಲ. ಅದೇ ಭಾರದ ಹೆಬ್ಬೆರಳು ಸ್ಪೀಡ್ ಡಯಲ್‌ಗೆ ಹೇಳಿ ಮಾಡಿಸಿದಂತಿತ್ತು. 2 ಒತ್ತಿ ಹಿಡಿದರೆ ಅಬ್ಬಾ, 3 ಹಿಡಿದರೆ ಅಮ್ಮಿ, 4 ಹಿಡಿದರೆ ಎದುರು ಮನೆ ಅಕ್ಕ. ಐದು ನಿಮಿಷ ಸೆಟ್ಟಿಂಗ್ಸ್‌ನಲ್ಲಿ ಕೂತರೆ ಆಗುವ ಕೆಲಸ. ಮಾರ್ಚ್‌ಗೆ ಮೊದಲೇ ಆ ಐದು ನಿಮಿಷ ನನಗೆ ಸಿಗಲಿಲ್ಲ.

5 ಮತ್ತು 9ನ್ನು ಬೇಕೆಂದೇ ಬಿಟ್ಟೆ. ಕೇಂದ್ರ ಸರ್ಕಾರದ 2016ರ ನಿಯಮದಂತೆ, 2017ರ ಜನವರಿ 1ರಿಂದ ಮಾರುವ ಬಟನ್ ಫೋನುಗಳಲ್ಲಿ 5 ಅಥವಾ 9ನ್ನು ಒತ್ತಿ ಹಿಡಿದರೆ ತುರ್ತು ಕರೆ ಹೋಗುವ ವ್ಯವಸ್ಥೆ ಇರಬೇಕು. ತುರ್ತು ನಂಬರ್ 112. ಸುಮ್ಮನೆ ಒತ್ತಿ ಪರೀಕ್ಷೆ ಮಾಡಬೇಡಿ, ಕರೆ ನಿಜವಾಗಿ ಹೋಗುತ್ತದೆ. ಆದರೆ ನಿಮ್ಮ ಮನೆಯ ಹಿರಿಯರಿಗೆ ಇಂಥದ್ದೊಂದು ಬಟನ್ ತಮ್ಮ ಫೋನಿನಲ್ಲೇ ಇದೆ ಎಂದು ಗೊತ್ತೇ? ನಮ್ಮ ಕ್ಲಾಸಿನಲ್ಲಿ ಕೇಳಿದೆ. ಹಿರಿಯರ ಮಾತಿರಲಿ, ನಮ್ಮವರಲ್ಲೇ ಒಬ್ಬರೂ ಕೈ ಎತ್ತಲಿಲ್ಲ.

ಈಗ ಅಬ್ಬಾನ ವಾದಕ್ಕೆ ಬರುತ್ತೇನೆ, ಏಕೆಂದರೆ ಅದು ಅನೇಕರ ವಾದ. "ಜಾಸ್ತಿ ಕಲಿಸಬೇಡ, ಏನೂ ಗೊತ್ತಿಲ್ಲದಿದ್ದರೆ ಯಾರೂ ಮೋಸ ಮಾಡಲಾರರು." ಕೇಳಲು ಸರಿ ಅನ್ನಿಸುತ್ತದೆ. ಆದರೆ ದಾದಿಗೆ ಅಂಕಿ ಓದಲು ಬರುತ್ತದೆ, ನೋಟು ಮತ್ತು ಕ್ಯಾಲೆಂಡರ್ ನೋಡಿಯೇ ಕಲಿತದ್ದು. ಬ್ಯಾಂಕಿನಿಂದ ಓಟಿಪಿ ಬಂದರೆ ಆ ಆರು ಅಂಕಿ ಅವರು ಓದಬಲ್ಲರು. ಅದರ ಪಕ್ಕದಲ್ಲಿ ಇಂಗ್ಲಿಷಿನಲ್ಲಿ ಇರುವ "ಯಾರಿಗೂ ಹೇಳಬೇಡಿ" ಎನ್ನುವ ಸಾಲು ಓದಲಾರರು. ಮೋಸಗಾರನಿಗೆ ಬೇಕಾದದ್ದು ಓದಲು ಬರುತ್ತದೆ, ಎಚ್ಚರಿಕೆ ಓದಲು ಬರುವುದಿಲ್ಲ. ಇದು ರಕ್ಷಣೆ ಹೇಗಾಗುತ್ತದೆ? ಫೋನಿನಲ್ಲಿ ಯಾರೇ ಅಂಕಿ ಕೇಳಿದರೂ ಕೆಂಪು ಒತ್ತಿ, ಅಕಸ್ಮಾತ್ ಹೇಳಿಬಿಟ್ಟರೆ ಕೂಡಲೇ ನನಗೆ ಹೇಳಿ, 1930ಕ್ಕೆ ಫೋನ್ ಮಾಡೋಣ ಎಂದು ಕಲಿಸಿದೆ.

ಗೃಹಲಕ್ಷ್ಮಿಯ ಎರಡು ಸಾವಿರದ ಕಥೆಯೂ ಇದೇ. ನಮ್ಮ ರೇಷನ್ ಕಾರ್ಡಿನಲ್ಲಿ ಮನೆಯ ಯಜಮಾನಿ ದಾದಿ. ಹಣ ಬಂದ ಮೆಸೇಜ್ ಬರುವುದು ಅವರ ಫೋನಿಗೆ. ಆದರೆ ಅದನ್ನು ಅಂಗಡಿಯ ಹುಡುಗನ ಕೈಗೋ ದಾರಿಯಲ್ಲಿ ಸಿಕ್ಕವರ ಕೈಗೋ ಕೊಟ್ಟು ಓದಿಸುತ್ತಿದ್ದರು. ಅವರ ಹಣ ಬಂದ ಸುದ್ದಿ ಅವರಿಗಿಂತ ಮೊದಲು ಬೀದಿಗೆ ಗೊತ್ತು. ಅನುಮಾನ ಬಂದರೆ ಬಸ್ಸು ಹತ್ತಿ ಬ್ಯಾಂಕಿಗೆ ಹೋಗುತ್ತಿದ್ದರು. ಶಕ್ತಿ ಯೋಜನೆಯಿಂದ ಟಿಕೆಟ್ ಫ್ರೀ, ಅರ್ಧ ದಿನದ ಕೂಲಿ ಫ್ರೀ ಅಲ್ಲವಲ್ಲ. ಹಾಗಾಗಿ ಲಿಫಾಫಾ ತೆರೆಯಲು ಕಲಿಸಿ, 'ಕ್ರೆಡಿಟ್', 'ಡೆಬಿಟ್' ಪದಗಳ ಮೊದಲ ಅಕ್ಷರ ತೋರಿಸಿದೆ. ಸಿ ಅಂದರೆ ಚಾಂದ್, ಹಣ ಬಂತು. ಡಿ ಅಂದರೆ ಹೊಟ್ಟೆ, ಹಣ ಹೋಯಿತು. ಇದು ಪಕ್ಕಾ ವಿಧಾನವಲ್ಲ, ಒಂದೊಂದು ಮೆಸೇಜಿನಲ್ಲಿ ಎರಡೂ ಪದ ಇರುತ್ತವೆ, ಆಗ ನನ್ನನ್ನು ಕೇಳುತ್ತಾರೆ. (ಅಕೌಂಟೆನ್ಸಿಯಲ್ಲಿ ಒಳಗೆ ಬಂದದ್ದನ್ನು ಡೆಬಿಟ್ ಮಾಡಿ ಎಂದು ಕಲಿಯುತ್ತೇವೆ, ಬ್ಯಾಂಕಿನವರು ಬಂದದ್ದಕ್ಕೆ ಕ್ರೆಡಿಟ್ ಎನ್ನುತ್ತಾರೆ. ಅದು ಅವರ ಪುಸ್ತಕ, ನಮ್ಮ ಹಣ ಅವರಿಗೆ ಸಾಲ, ಅದಕ್ಕೇ ಹಾಗೆ. ಇದನ್ನು ದಾದಿಗೆ ವಿವರಿಸಲು ಹೋಗಿ ನನಗೇ ಮೊದಲ ಸಲ ಸರಿಯಾಗಿ ಅರ್ಥವಾಯಿತು.)

ಗೆಳತಿಯರು ಸ್ಮಾರ್ಟ್‌ಫೋನ್ ಕೊಡಿಸು, ವಾಯ್ಸ್ ಮೆಸೇಜ್ ಕಳಿಸಬಹುದು ಎನ್ನುತ್ತಾರೆ. ಕೊಡಿಸಬಹುದು. ಆದರೆ ದಿನಕ್ಕೆರಡು ಸಲ ಚಾರ್ಜ್, ಜಾರಿದರೆ ಒಡೆಯುವ ಗಾಜು, ಬೆರಳು ತಾಗಿದ ಕಡೆಯೆಲ್ಲ ತೆರೆಯುವ ಪರದೆ. ಕಲಿಸುವ ತಾಳ್ಮೆ ಇಲ್ಲದ ನಾವು ಆ ಫೋನನ್ನೂ ಅವರ ಕೈಯಿಂದ ಕಿತ್ತುಕೊಳ್ಳುತ್ತೇವೆ, ಮತ್ತು ವಾಪಸ್ ಕೊಡುವುದಿಲ್ಲ.

ನಮ್ಮ ಕಾಲೇಜಿಗೂ ಒಂದು ಮಾತು. ಆಬ್ಸೆಂಟ್ ಆದರೆ ಮನೆಗೆ ಇಂಗ್ಲಿಷಿನಲ್ಲಿ ಮೆಸೇಜ್ ಹೋಗುತ್ತದೆ. ಅದನ್ನು ಅಮ್ಮಿಗೆ ಓದಿ ಹೇಳುವವರು ನಾವೇ! ಎಷ್ಟು ಆಬ್ಸೆಂಟ್‌ಗಳು "ಕಂಪನಿ ಮೆಸೇಜ್ ಅಮ್ಮೀ" ಆಗಿ ಹೋಗಿವೆಯೋ ಲೆಕ್ಕವಿಲ್ಲ. (ನಾನು ಒಂದು ಸಲ ಮಾಡಿದ್ದೇನೆ. ಈ ಸಂಚಿಕೆ ಅಮ್ಮಿಗೆ ಸಿಗದಿರಲಿ.) ಭಾರತೀಯ ಮಾನಕ ಬ್ಯೂರೋದ 2016ರ ಮಾನದಂಡದ ಪ್ರಕಾರ ಇಲ್ಲಿ ಮಾರುವ ಫೋನುಗಳಲ್ಲಿ ದೇಶದ 22 ಭಾಷೆಗಳ ಮೆಸೇಜ್ ಓದಲು ಬರಬೇಕು. ಅದರಲ್ಲಿ ಕನ್ನಡವೂ ಇದೆ, ಉರ್ದುವೂ ಇದೆ. ಫೋನಿಗೆ ಬರುತ್ತದೆ, ಕಳಿಸುವವರಿಗೆ ಮನಸ್ಸು ಬರಬೇಕು. ಪ್ರಿನ್ಸಿಪಾಲ್ ಸರ್ ದಯವಿಟ್ಟು ಈ ಎರಡು ಭಾಷೆಗಳಲ್ಲಿ ಮೆಸೇಜ್ ಕಳಿಸಲು ಆರಂಭಿಸಬೇಕು. ಗೆಳೆಯರು ನನ್ನನ್ನು ಕ್ಷಮಿಸಬೇಕು. ಎನ್‌ಎಸ್‌ಎಸ್ ಕ್ಯಾಂಪಿನಲ್ಲಿ ನಾವು ಪ್ರತಿ ವರ್ಷ ಬೀದಿ ಗುಡಿಸುತ್ತೇವೆ, ಗಿಡ ನೆಡುತ್ತೇವೆ. ಅದರಲ್ಲಿ ಒಂದು ಸಂಜೆ ಹಳ್ಳಿಯ ಅಜ್ಜಿಯರ ಜೊತೆ ಅವರ ಫೋನ್ ಹಿಡಿದು ಕೂರಬಹುದು. ಒಂದೇ ಷರತ್ತು, ಫೋನ್ ಅವರ ಕೈಯಲ್ಲೇ ಇರಬೇಕು. ಬೆರಳು ಅವರದೇ ಓಡಬೇಕು, ನಮ್ಮದು ತೋರಿಸಬೇಕು.

ಕಳೆದ ಭಾನುವಾರ ನಾನು ಹಿತ್ತಲಲ್ಲಿ ಬಟ್ಟೆ ಒಣಗಿಸುತ್ತಿದ್ದೆ. ಜಗಲಿಯಲ್ಲಿ ದಾದಿ ಎದುರು ಮನೆ ಅಕ್ಕನ ಅತ್ತೆಗೆ ಫೋನ್ ಕಲಿಸುತ್ತಿದ್ದರು, ಕನ್ನಡದಲ್ಲಿ. "ಏಣಿ ಇಲ್ಲ ಅಂದ್ರೆ ಎಷ್ಟು ಒತ್ತಿದ್ರೂ ಹೋಗಲ್ಲ ಕಣವ್ವ, ಬೀದಿಗೆ ಬಂದು ಒತ್ತಬೇಕು." ಆಮೇಲೆ ಹ್ಯಾಷ್ ಬಟನ್ ತೋರಿಸಿ, "ಇದು ಶೈತಾನ್ ಬಟನ್, ಮುಟ್ಟಲೇಬೇಡ, ಗಂಟೆಗೆ ಕೋಲು ಹಾಕ್ತದೆ" ಎಂದರು. ನಾನು ತಿದ್ದಲು ಹೋಗಲಿಲ್ಲ.