ಹಳೇ ಓಟದ ಕಾರಿಗೆ ಯಾವ ದಿನದ ಬಣ್ಣ?

ಜೋಡುಕರೆ ಕಂಬಳ ನೋಡಿದ ಮಕ್ಕಳಿಗೆ ಡ್ರ್ಯಾಗ್ ರೇಸ್ ಅಂದರೇನೆಂದು ವಿವರಿಸಲು ಹೆಚ್ಚು ಮಾತು ಬೇಡ. ಪುತ್ತೂರಿನ ದೇವರಮಾರು ಗದ್ದೆಯಲ್ಲೋ ಉಪ್ಪಿನಂಗಡಿಯಲ್ಲೋ ನೀವು ನೋಡಿರುತ್ತೀರಿ. ಅಕ್ಕಪಕ್ಕದಲ್ಲಿ ಎರಡು ಕರೆ, ಎರಡೂ ನೆಟ್ಟಗೆ. ಗಂತಿನಿಂದ ಬಿಟ್ಟರೆ ಮಂಜೊಟ್ಟಿ ಮುಟ್ಟುವ ತನಕ ತಿರುವಿಲ್ಲ, ನಿಲುಗಡೆಯಿಲ್ಲ. ಯಾರು ಮೊದಲು ಮುಟ್ಟುತ್ತಾರೋ ಅವರು ಗೆದ್ದರು. ಆ ನೀರು ಮತ್ತು ಕೋಣಗಳನ್ನು ತೆಗೆದು, ಡಾಮರು ಹಾಕಿ, ಎರಡು ಕಾರು ನಿಲ್ಲಿಸಿದರೆ ಅದೇ ಡ್ರ್ಯಾಗ್ ರೇಸ್. ಅಳತೆ ಮಾತ್ರ ಬೇರೆ. 2020ರಲ್ಲಿ ಐಕಳ ಕಂಬಳದಲ್ಲಿ ಶ್ರೀನಿವಾಸ ಗೌಡರು 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿ ದೇಶವಿಡೀ ಸುದ್ದಿಯಾದರಲ್ಲ? ಡ್ರ್ಯಾಗ್ ರೇಸಿನ ಹಳೆಯ ದೂರ ಕಾಲು ಮೈಲಿ, ಅಂದರೆ ಸುಮಾರು 402 ಮೀಟರ್. ಅತಿ ವೇಗದ ವರ್ಗದ ಕಾರುಗಳಿಗೆ ಈಗ ಅದನ್ನು 305 ಮೀಟರಿಗೆ ಇಳಿಸಿದ್ದಾರೆ. ಅಷ್ಟನ್ನು ಅವು ನಾಲ್ಕು ಸೆಕೆಂಡಿನೊಳಗೆ ಮುಗಿಸುತ್ತವೆ. ನೀವು ಈ ವಾಕ್ಯ ಓದಿ ಮುಗಿಸುವಷ್ಟರಲ್ಲಿ ಓಟ ಮುಗಿದು ಹಿಂದಿನ ಕೊಡೆ ಬಿಚ್ಚಿರುತ್ತದೆ. ಹೌದು, ಬ್ರೇಕ್ ಸಾಲದೆ ವಿಮಾನದ ಪ್ಯಾರಾಚೂಟನ್ನೇ ಕಟ್ಟಿಕೊಂಡು ಓಡುವ ಕಾರುಗಳು ಅವು.

ಈ ಆಟ ಬೆಳೆದದ್ದು ಅಮೆರಿಕದಲ್ಲಿ. ಎರಡನೇ ಮಹಾಯುದ್ಧ ಮುಗಿದ ಮೇಲೆ ಅಲ್ಲಿನ ಹುಡುಗರ ಕೈಯಲ್ಲಿ ಹಳೇ ಕಾರುಗಳಿದ್ದವು, ಊರ ಹೊರಗೆ ಖಾಲಿ ವಿಮಾನದ ಓಡುದಾರಿಗಳಿದ್ದವು. ಇಷ್ಟು ಸಾಕಾಯಿತು. (ನಮ್ಮ ಚೆನ್ನೈ ಹತ್ತಿರದ ಶೋಲಾವರಂನಲ್ಲೂ ಯುದ್ಧಕಾಲದ ಓಡುದಾರಿಯ ಮೇಲೆಯೇ ಬಹಳ ವರ್ಷ ಕಾರು ರೇಸು ನಡೆಯಿತು. ಓಡುದಾರಿ ಕಂಡರೆ ಹುಡುಗರ ಕಾಲು ನಿಲ್ಲುವುದಿಲ್ಲ, ಅದು ಎಲ್ಲಾ ದೇಶದಲ್ಲೂ ಒಂದೇ.) ರಸ್ತೆಯಲ್ಲಿ ಓಡಿಸಿ ಸಾಯುವ ಬದಲು ಒಂದು ಶಿಸ್ತಿನೊಳಗೆ ಓಡಿಸಲಿ ಎಂದು 1951ರಲ್ಲಿ ವಾಲಿ ಪಾರ್ಕ್ಸ್ ಎಂಬವರು ಒಂದು ಸಂಘವನ್ನೇ ಕಟ್ಟಿದರು. ಅದು ಇಂದಿಗೂ ಇದೆ.

ಇಲ್ಲಿಂದ ನನ್ನ ಇವತ್ತಿನ ವಿಷಯಕ್ಕೆ ಬರುತ್ತೇನೆ. 1950-60ರ ದಶಕದ ಆ ಕಾರುಗಳಲ್ಲಿ ಕೆಲವನ್ನು ಈಗ ಹುಡುಕಿ ತೆಗೆದು ಮೊದಲಿನ ಹಾಗೆ ಮಾಡುವವರಿದ್ದಾರೆ. 'ಮೊದಲಿನ ಹಾಗೆ' ಎಂಬ ಮಾತು ಕೇಳಲು ಸುಲಭ, ಮಾಡಲು ಬಹಳ ಕಷ್ಟ.

ಧರ್ಮಸ್ಥಳಕ್ಕೆ ಹೋದವರು ಅಲ್ಲಿನ ಹಳೆಯ ಕಾರುಗಳ ಸಂಗ್ರಹ ನೋಡಿರಬಹುದು. ಅಂಥ ಕಾರೊಂದನ್ನು ಮೊದಲಿನಂತೆ ಮಾಡಬೇಕಾದರೆ ದಾರಿ ತಿಳಿದಿದೆ. ಕಂಪೆನಿ ಅದನ್ನು ಒಂದು ನಮೂನೆಯಲ್ಲಿ ಮಾಡಿತ್ತು, ಅದೇ ನಮೂನೆಯ ಬೇರೆ ಕಾರುಗಳು ಎಲ್ಲೋ ಇರುತ್ತವೆ, ಕೈಪಿಡಿ ಇರುತ್ತದೆ, ಯಾವ ಬಣ್ಣ, ಯಾವ ದೀಪ, ಯಾವ ಸೀಟು ಎಂದು ಬರೆದಿಟ್ಟಿರುತ್ತಾರೆ. ಡ್ರ್ಯಾಗ್‌ಸ್ಟರಿಗೆ ಕಂಪೆನಿಯೂ ಇಲ್ಲ, ಕೈಪಿಡಿಯೂ ಇಲ್ಲ. ಉಕ್ಕಿನ ಕೊಳವೆ ಬೆಸೆದು ಮಾಡಿದ ಚಾಸಿ ಒಬ್ಬರದು, ಅಲ್ಯೂಮಿನಿಯಂ ತಗಡನ್ನು ಬಡಿದು ಮಾಡಿದ ಮೈ ಇನ್ನೊಬ್ಬರದು. ಇಂಜಿನ್ ಯಾವುದೋ ದೊಡ್ಡ ಮನೆಯವರ ಕ್ರೈಸ್ಲರ್ ಕಾರಿನಿಂದ ಬಿಚ್ಚಿದ್ದು. ಆ ಇಂಜಿನ್ನಿಗೆ 'ಹೆಮಿ' ಎಂದು ಹೆಸರು. ಪೆಟ್ರೋಲು ಉರಿಯುವ ಕೋಣೆ ಅರ್ಧ ತೆಂಗಿನ ಚಿಪ್ಪಿನ ಒಳಮೈಯ ಆಕಾರದಲ್ಲಿರುವುದರಿಂದ ಆ ಹೆಸರು ಬಂತು. ಇಂಜಿನ್ ತಲೆಯ ಮೇಲೆ ಕೂತು ಗಾಳಿಯನ್ನು ಒಳಗೆ ತುರುಕುವ ಬ್ಲೋವರ್ ಎಲ್ಲಿಯದು ಗೊತ್ತೆ? ಬಸ್ಸು-ಲಾರಿಗಳಿಗೆ ಹಾಕುತ್ತಿದ್ದ ಡೀಸೆಲ್ ಇಂಜಿನ್ನಿನದು! ಲೋಕದ ಅತಿ ವೇಗದ ಕಾರಿನ ಒಳಗೆ ಬಸ್ಸಿನ ಸಾಮಾನು.

ಹೀಗೆ ಕಟ್ಟಿದ ಕಾರು ವಾರಕ್ಕೊಮ್ಮೆ ಬದಲಾಗುತ್ತಿತ್ತು. ಶನಿವಾರ ಸೋತರೆ ಸೋಮವಾರ ಚಾಸಿ ಕತ್ತರಿಸಿ ಒಂದು ಗೇಣು ಉದ್ದ ಮಾಡಿದರು. ಇಂಜಿನ್ ಸಿಡಿದರೆ ಬೇರೆ ಕೂರಿಸಿದರು. ಹೊಸ ಪ್ರಾಯೋಜಕ ಸಿಕ್ಕರೆ ಬಣ್ಣ ಬದಲಾಯಿತು. ಎರಡು ವರ್ಷಕ್ಕೆ ಕಾರು ಹಳತಾಯಿತು, ಅಗ್ಗಕ್ಕೆ ಮಾರಿಹೋಯಿತು. ಕೊಂಡವನು ತನ್ನ ಹೆಸರು ಬರೆಸಿದ. ಕೊನೆಗೆ ಯಾರದೋ ಕೊಟ್ಟಿಗೆಯ ಹಿಂದೆ ಬರೇ ಕೊಳವೆಗಳ ಗೂಡು ಬಿದ್ದುಕೊಂಡಿತು. ಆಗ ಯಾರೂ ಅದನ್ನು ಚರಿತ್ರೆ ಎಂದು ಭಾವಿಸಿರಲಿಲ್ಲ. ಗೆಲ್ಲುವ ಆತುರದಲ್ಲಿದ್ದವರಿಗೆ ಹಾಗೆ ಯೋಚಿಸಲು ಪುರುಸೊತ್ತೂ ಇಲ್ಲ.

ಆ ಗೂಡು ಸಿಕ್ಕಿದ ದಿನದಿಂದ ಪತ್ತೇದಾರಿ ಕೆಲಸ ಶುರು. ಇದು ಅದೇ ಕಾರೇ? ಮೊದಲು ಬೆಸುಗೆಯನ್ನು ನೋಡುತ್ತಾರೆ. ಕೈಬರಹದ ಹಾಗೆ ಒಬ್ಬೊಬ್ಬರ ಬೆಸುಗೆಯೂ ಬೇರೆ. ಆಮೇಲೆ ಮುಚ್ಚಿದ ತೂತುಗಳು: ಒಂದು ಕಾಲದಲ್ಲಿ ಇಂಧನದ ಟ್ಯಾಂಕು, ಪೆಡಲು, ಪ್ಯಾರಾಚೂಟಿನ ಕೊಕ್ಕೆ ಎಲ್ಲಿದ್ದವು ಎಂದು ಅವು ಹೇಳುತ್ತವೆ. ಹಳೇ ಬಣ್ಣ ಎಲ್ಲಾದರೂ ಉಳಿದಿದ್ದರೆ ನಯವಾದ ಉಜ್ಜುಕಾಗದದಿಂದ ಒಂದು ರೂಪಾಯಿ ನಾಣ್ಯದಷ್ಟು ಜಾಗವನ್ನು ಮೆಲ್ಲ ಉಜ್ಜುತ್ತಾರೆ. ಕಡಿದ ಮರದಲ್ಲಿ ವರ್ಷದ ಬಳೆಗಳು ಕಾಣುವಂತೆ ಬಣ್ಣದ ಬಳೆಗಳು ಏಳುತ್ತವೆ. ಮೇಲೆ ಕೆಂಪು, ಅದರಡಿ ಹಳದಿ, ಅದರಡಿ ಕಪ್ಪು. ಎಲ್ಲಕ್ಕಿಂತ ಒಳಗಿನದು ಮೊದಲ ಮಾಲಿಕನದು.

ಇದಾದ ಮೇಲೆ ಫೋಟೋಗಳು. ಅಮೆರಿಕದಲ್ಲಿ 'ಹಾಟ್ ರಾಡ್' ಎಂಬ ಪತ್ರಿಕೆ 1948ರಲ್ಲೇ ಶುರುವಾಗಿತ್ತು, ಹಾಗಾಗಿ ಚಿತ್ರಗಳು ಸಿಗುತ್ತವೆ. ಫೋಟೋದಿಂದ ಅಳತೆ ತೆಗೆಯುವ ಉಪಾಯ ನಿಮ್ಮ ಏಳನೇ ತರಗತಿಯ ಅನುಪಾತದ ಲೆಕ್ಕವೇ. ಚಕ್ರದ ನಿಜವಾದ ಅಳತೆ ಗೊತ್ತಿದೆ, 40 ಸೆಂಟಿಮೀಟರ್ ಎಂದಿಟ್ಟುಕೊಳ್ಳಿ. ಫೋಟೋದಲ್ಲಿ ಅದು 2 ಸೆಂಟಿಮೀಟರ್. ಅದೇ ಫೋಟೋದಲ್ಲಿ ಮೂತಿಯ ತಗಡು 7.5 ಸೆಂಟಿಮೀಟರ್ ಇದ್ದರೆ ನಿಜದಲ್ಲಿ ಎಷ್ಟು? ಪೆನ್ಸಿಲ್ ತೆಗೆದುಕೊಳ್ಳಿ, ನಾನು ಹೇಳುವುದಿಲ್ಲ. ಒಂದೇ ಎಚ್ಚರಿಕೆ, ಫೋಟೋ ನೇರ ಪಕ್ಕದಿಂದ ತೆಗೆದದ್ದಾಗಿರಬೇಕು. ಓರೆಯಾಗಿದ್ದರೆ ಲೆಕ್ಕ ಕೈಕೊಡುತ್ತದೆ.

ಸಾಮಾನು ಹುಡುಕುವುದು ಮತ್ತೊಂದು ಕತೆ. ದೊಡ್ಡ 392 ಹೆಮಿ ಇಂಜಿನನ್ನು ಕ್ರೈಸ್ಲರ್ ಕಂಪೆನಿ ಕಾರಿಗೆ ಹಾಕಿದ್ದು 1957 ಮತ್ತು 58ರ ಮಾದರಿಗಳಿಗೆ ಮಾತ್ರ. ರೇಸಿನವರು ಅವನ್ನು ಸಾಲುಸಾಲಾಗಿ ಸಿಡಿಸಿ ಮುಗಿಸಿದರು. ಮೆಗ್ನೀಸಿಯಂ ಚಕ್ರಗಳು ಹಗುರ ನಿಜ, ಆದರೆ ತೇವ ತಾಗಿದರೆ ಬಿಳಿ ಹುಡಿಯೇಳುತ್ತದೆ. ನಮ್ಮ ಕರಾವಳಿಯಲ್ಲಿ ಇಟ್ಟರೆ ಒಂದು ಮಳೆಗಾಲ ದಾಟುವುದೂ ಕಷ್ಟ ಅನಿಸುತ್ತದೆ ನನಗೆ. ಹಳೇ ಟಯರಿನ ರಬ್ಬರ್ ಗಟ್ಟಿಯಾಗಿ ಬಿರಿದಿರುತ್ತದೆ. ಅದು ನೋಟಕ್ಕೆ ಮಾತ್ರ, ಓಟಕ್ಕಲ್ಲ.

ಇಷ್ಟೆಲ್ಲಾ ಕೂಡಿಸಿದ ಮೇಲೂ ಮುಖ್ಯ ಪ್ರಶ್ನೆ ಹಾಗೇ ಉಳಿಯುತ್ತದೆ. ಮೊದಲಿನ ಹಾಗೆ ಅಂದರೆ ಯಾವ ದಿನದ ಹಾಗೆ?

ಟಾಮಿ ಐವೋ ಎಂಬವರ ಕಾರಿನ ಕತೆ ಕೇಳಿ. ಐವೋ ಚಿಕ್ಕಂದಿನಿಂದಲೇ ಸಿನಿಮಾ ಮತ್ತು ಟಿವಿಯಲ್ಲಿ ನಟಿಸುತ್ತಿದ್ದ ಹುಡುಗ. ನಟಿಸಿ ಬಂದ ದುಡ್ಡು ಕಾರಿಗೆ ಸುರಿಯುತ್ತಿದ್ದ. 1960ರ ದಶಕದ ಆರಂಭದಲ್ಲಿ ಅವನು ಒಂದೇ ಕಾರಿಗೆ ನಾಲ್ಕು ಬ್ಯೂಕ್ ಇಂಜಿನ್ ಹಾಕಿದ! ಎರಡು ಇಂಜಿನ್ ಮುಂದಿನ ಚಕ್ರಗಳಿಗೆ, ಎರಡು ಹಿಂದಿನವಕ್ಕೆ. ನಾಲ್ಕೂ ಚಕ್ರ ಹೊಗೆಯೆಬ್ಬಿಸುತ್ತಾ ಹೊರಟರೆ ಕಾರೇ ಕಾಣುತ್ತಿರಲಿಲ್ಲ. ಅದಕ್ಕೆ 'ಶೋಬೋಟ್' ಎಂದು ಹೆಸರು. ಆಮೇಲೆ ಆ ಕಾರು ಬೇರೆಯವರ ಕೈ ಸೇರಿತು. ಅವರು ಅದರ ಮೇಲೆ ಸ್ಟೇಷನ್ ವ್ಯಾಗನ್ನಿನ ಮೈ ಕೂರಿಸಿ 'ವ್ಯಾಗನ್ ಮಾಸ್ಟರ್' ಎಂದು ಕರೆದು ಊರೂರು ಪ್ರದರ್ಶನಕ್ಕೆ ಒಯ್ದರು. ಐವೋನ ಹೊಗೆ ನೋಡಿದವರು ಕೆಲವರಾದರೆ, ಮಗುವಾಗಿದ್ದಾಗ ಅಪ್ಪನ ಹೆಗಲ ಮೇಲೆ ಕೂತು ಆ ವ್ಯಾಗನ್ ನೋಡಿದವರು ಇನ್ನು ಕೆಲವರು. ಇಂಥ ಕಾರು ನಿಮ್ಮ ಕೈಗೆ ಬಂದರೆ ವ್ಯಾಗನ್ನಿನ ಮೈ ಕಿತ್ತು ಎಸೆಯುತ್ತೀರಾ? ನಾನಾದರೆ ಎಸೆಯಲಾರೆ. ಅದು ಕಾರಿನ ಬಾಲ್ಯವಲ್ಲದಿರಬಹುದು, ಆದರೆ ಅದರ ಬದುಕೇ.

ಕಾರು ಕಟ್ಟಿದವರೇ ಅದನ್ನು ಕಾಪಾಡಿದ ಉದಾಹರಣೆಯೂ ಇದೆ. ಫ್ಲೋರಿಡಾದ ಡಾನ್ ಗಾರ್ಲಿಟ್ಸ್ ತನ್ನ ಕಾರುಗಳಿಗೆ 'ಸ್ವಾಂಪ್ ರ್‍ಯಾಟ್', ಅಂದರೆ ಜೌಗುನೆಲದ ಇಲಿ, ಎಂದು ಹೆಸರಿಟ್ಟು ಒಂದು, ಎರಡು, ಮೂರು ಎಂದು ನಂಬರು ಕೊಡುತ್ತಾ ಹೋದ. 1964ರಲ್ಲಿ ಗಂಟೆಗೆ 201 ಮೈಲಿ, ನಮ್ಮ ಲೆಕ್ಕದಲ್ಲಿ 324 ಕಿಲೋಮೀಟರ್ ಮುಟ್ಟಿದ. ಆಗಿನ ಕಾರುಗಳಲ್ಲಿ ಇಂಜಿನ್ ಮುಂದೆ, ಚಾಲಕ ಹಿಂದಿನ ಚಕ್ರಕ್ಕಿಂತಲೂ ಹಿಂದೆ, ಕವಣೆಯ ಕಲ್ಲಿನ ಹಾಗೆ. ಗೇರಿನ ಪೆಟ್ಟಿಗೆ ಅವನ ಕಾಲುಗಳ ಹತ್ತಿರವೇ. 1970ರ ಮಾರ್ಚಿನಲ್ಲಿ ಕ್ಯಾಲಿಫೋರ್ನಿಯಾದ ಒಂದು ಓಟದಲ್ಲಿ ಅದು ಸಿಡಿದು ಗಾರ್ಲಿಟ್ಸನ ಬಲಪಾದದ ಒಂದು ಭಾಗವೇ ಹೋಯಿತು, ಕಾರು ಎರಡು ತುಂಡಾಯಿತು. ಆಸ್ಪತ್ರೆಯ ಹಾಸಿಗೆಯಿಂದ ಎದ್ದು ಬಂದವನು ಇಂಜಿನನ್ನು ಬೆನ್ನ ಹಿಂದೆ ಇಟ್ಟು ಹೊಸ ಕಾರು ಕಟ್ಟಿದ, 1971ರಲ್ಲಿ ಅದರಲ್ಲೇ ಗೆದ್ದ. ಅಲ್ಲಿಂದ ಮುಂದೆ ಎಲ್ಲರೂ ಹಾಗೇ ಕಟ್ಟತೊಡಗಿದರು. 1984ರಲ್ಲಿ ಫ್ಲೋರಿಡಾದ ಒಕಾಲಾದಲ್ಲಿ ಅವನದೇ ವಸ್ತುಸಂಗ್ರಹಾಲಯ ತೆರೆಯಿತು. ಅವನ ಇನ್ನೊಂದು ಕಾರು ವಾಷಿಂಗ್ಟನ್ನಿನ ಸ್ಮಿತ್‌ಸೋನಿಯನ್ ಸಂಗ್ರಹಾಲಯಕ್ಕೆ ಹೋಗಿದೆ. 2014ರಲ್ಲಿ, 82ನೇ ವಯಸ್ಸಿನಲ್ಲಿ, ಬ್ಯಾಟರಿ ಕಾರಿನಲ್ಲಿ ಗಂಟೆಗೆ 184 ಮೈಲಿ ಓಡಿಸಿದ ಅಜ್ಜ ಅವನು. ಇದನ್ನು ಓದಿ ನಿಮ್ಮ ಅಜ್ಜನನ್ನು ಪೀಡಿಸಬೇಡಿ.

ಈ ಕತೆ ಹೇಳಿದ್ದು ಯಾಕೆಂದರೆ, ಮೊದಲಿನ ಸ್ಥಿತಿ ಅಂದರೆ ಮೊದಲಿನ ಅಪಾಯವೂ ಹೌದು. ಇಂಜಿನ್ ಮುಂದಿರುವ ಹಳೆಯ ಕಾರನ್ನು ಇದ್ದ ಹಾಗೇ ಕಟ್ಟಿದರೆ ಪೂರ್ತಿ ವೇಗದಲ್ಲಿ ಓಡಿಸುವಂತಿಲ್ಲ. ಓಡಿಸಲೇಬೇಕೆಂದು ಈಗಿನ ರಕ್ಷಣೆಯ ಪಂಜರ ಬೆಸೆದರೆ ಅದು ಹಳೆಯ ಕಾರಲ್ಲ. ಕ್ಯಾಲಿಫೋರ್ನಿಯಾದ ಬೇಕರ್ಸ್‌ಫೀಲ್ಡಿನವರು ಇದಕ್ಕೊಂದು ಚಂದದ ದಾರಿ ಕಂಡುಕೊಂಡಿದ್ದಾರೆ. ಅಲ್ಲಿ ಹಳೇ ಡ್ರ್ಯಾಗ್‌ಸ್ಟರುಗಳನ್ನು ಓಡಿಸುವುದಿಲ್ಲ, ಕೂಗಿಸುತ್ತಾರೆ. ಅದಕ್ಕೆ 'ಕ್ಯಾಕಲ್ ಫೆಸ್ಟ್' ಎನ್ನುತ್ತಾರೆ, ಕೋಳಿ ಕೊಕ್ಕರಿಸಿದಂಥ ಸದ್ದಿನ ಹಬ್ಬ. ಆ ಕಾರುಗಳಿಗೆ ಸೆಲ್ಫ್ ಇಲ್ಲ, ಹಿಂದಿನಿಂದ ಇನ್ನೊಂದು ಗಾಡಿ ತಳ್ಳಬೇಕು. ತಳ್ಳಿದರೆ ಇಂಜಿನ್ ಹತ್ತುತ್ತದೆ, ಸಾಲಾಗಿ ನಿಲ್ಲುತ್ತವೆ, ಕೊಳವೆಗಳಿಂದ ಬೆಂಕಿ ಚಿಮ್ಮುತ್ತದೆ, ಜನರ ಕಣ್ಣು ಮೂಗಿನಲ್ಲಿ ನೀರು. ಆಮೇಲೆ ಆರಿಸಿ ಮನೆಗೆ ಒಯ್ಯುತ್ತಾರೆ.

ತಳ್ಳಿ ಸ್ಟಾರ್ಟ್ ಮಾಡುವುದು ನಮ್ಮ ಕೋಡಿಂಬಾಳದವರಿಗೆ ಹೊಸತೇನಲ್ಲ. ಇಲ್ಲಿ ಪ್ರತಿ ಜೀಪನ್ನೂ ರಾತ್ರಿ ಇಳಿಜಾರಿನಲ್ಲಿ ನಿಲ್ಲಿಸುವುದೇ ಅದಕ್ಕೆ. ಅಂಥದ್ದೊಂದು ಜೀಪು ನೆರೆಮನೆಯ ಮಾವನ ಅಡಿಕೆ ಕೊಟ್ಟಿಗೆಯಲ್ಲಿ ವರ್ಷಗಟ್ಟಲೆ ಸೋಗೆಯಡಿಯಲ್ಲಿತ್ತು. ಮಿಲಿಟರಿ ಹರಾಜಿನಿಂದ ಯಾರ್‍ಯಾರದೋ ಕೈದಾಟಿ ಬಂದದ್ದು. ಪೆಟ್ರೋಲ್ ಇಂಜಿನ್ ಹೋಗಿ ಡೀಸೆಲ್ ಬಂದಿದೆ, ಹಸಿರು ಹೋಗಿ ನೀಲಿ ಬಂದಿದೆ. ಹೊಸಮಠದ ಹಳೇ ಮುಳುಗು ಸೇತುವೆಯ ಕಾಲದಲ್ಲಿ ಕಡಬದ ಕಡೆಯಿಂದ ಜನರನ್ನು ತಂದು, ನೀರಿಳಿಯುವ ತನಕ ಹೊಳೆಬದಿಯಲ್ಲಿ ಗಂಟೆಗಟ್ಟಲೆ ಕಾದ ಜೀಪು ಅದು. ಈಗ ಎತ್ತರದ ಸೇತುವೆ ಬಂದಿದೆ, ಕಾಯುವ ಕೆಲಸವಿಲ್ಲ.

ಬೆಂಗಳೂರಿನಲ್ಲಿ ಓದುವ ಮೊಮ್ಮಗಳು ಈ ಬೇಸಿಗೆಯಲ್ಲಿ ಬಂದು ಅದನ್ನು ಮೊದಲಿನಂತೆ ಮಾಡಿಸಲು ಹೊರಟಳು. ಮಿಲಿಟರಿ ಹಸಿರು ಬಳಿಸಬೇಕು, ಆಮೇಲೆ ಸೇರಿಸಿದ್ದನ್ನೆಲ್ಲಾ ಕತ್ತರಿಸಬೇಕು ಎಂದು ಪಟ್ಟಿ ಬರೆದಿದ್ದಳು. ಪಟ್ಟಿಯ ಮೂರನೆಯದು ಹಿಂಬದಿಯಲ್ಲಿ ಬೆಸೆದಿದ್ದ ಕಬ್ಬಿಣದ ಮೆಟ್ಟಿಲು.

"ಅದು ಕಂಪೆನಿಯದ್ದಲ್ಲ ಅಜ್ಜ," ಅಂದಳು.

"ಅಲ್ಲ ಮಗಾ. ಅದು ನನ್ನ ಅಮ್ಮನದ್ದು. ಅವರಿಗೆ ಮೊಣಗಂಟು ಮಡಚಲಿಕ್ಕೆ ಆಗ್ತಿರ್ಲಿಲ್ಲ. ಪುತ್ತೂರಿಗೆ ಮದ್ದಿಗೆ ಕರಕೊಂಡು ಹೋಗ್ಲಿಕ್ಕೆ ಹಾಕಿಸಿದ್ದು," ಅಂದರು ಮಾವ. "ಹಸಿರು ಇದ್ದದ್ದನ್ನು ನಾನೂ ಕಂಡದ್ದಿಲ್ಲ ಮಾರಾಯ್ತಿ."

ಅವಳು ಸ್ವಲ್ಪ ಹೊತ್ತು ಏನೂ ಹೇಳಲಿಲ್ಲ. ಆಮೇಲೆ ಹಳೇ ಆಲ್ಬಮ್ ಕೇಳಿದಳು. ಒಂದು ಮದುವೆಯ ಫೋಟೋದಲ್ಲಿ ಜೀಪಿನ ಅರ್ಧ ಮೂತಿ ಸಿಕ್ಕಿದೆ, ಆದರೆ ಕಪ್ಪು-ಬಿಳುಪು. ನೀಲಿ ಯಾವ ನೀಲಿ ಎಂದು ತಿಳಿಯಲು ಈಗ ಇಬ್ಬರೂ ಕೂತು ಬಾಗಿಲ ಒಳಬದಿಯನ್ನು ಉಜ್ಜುತ್ತಿದ್ದಾರೆ. ನಿನ್ನೆ ನಾನು ಹೋದಾಗ ಮೂರು ನೀಲಿ ಸಿಕ್ಕಿತ್ತು. ಯಾವುದು ಮೊದಲನೆಯದು ಎಂದು ಮಾವನಿಗೂ ಅವರ ತಂಗಿಗೂ ವಾದ ನಡೆಯುತ್ತಿತ್ತು. ಮೆಟ್ಟಿಲಿಗೆ ಮಾತ್ರ ಪ್ರೈಮರ್ ಹೊಡೆದು ಆಗಿದೆ.