ಡೀಸೆಲ್ ಗಾಡಿಯೂ 'ಕಾರಣ ಕೊಡಿ' ಪ್ರಶ್ನೆಯೂ



ನಾವು ನಾಲ್ವರು ಶಿಕ್ಷಕರು ಜತ್ತದಿಂದ ಹಳ್ಳಿ ಶಾಲೆಗೆ ಒಂದೇ ಕಾರಿನಲ್ಲಿ ಹೋಗಿಬರುತ್ತೇವೆ. ಹಳೆಯ ಡೀಸೆಲ್ ಗಾಡಿ, ಕಂಪ್ಯೂಟರ್ ಇಲ್ಲದ ಪಂಪಿನ ಕಾಲದ್ದು. ಕಳೆದ ಮಳೆಗಾಲ ಮುಗಿಯುತ್ತಲೇ ಅದಕ್ಕೊಂದು ರೋಗ ಹತ್ತಿತು. ಬೆಳಿಗ್ಗೆ ಬೇಗ ಸ್ಟಾರ್ಟ್ ಆಗುತ್ತಿರಲಿಲ್ಲ. ಆದರೂ ಗಡಗಡ ನಡುಗುತ್ತ ಬಿಳಿ ಹೊಗೆ ಉಗುಳುತ್ತಿತ್ತು. ಐದು ನಿಮಿಷದ ಮೇಲೆ ತಾನೇ ಸರಿಹೋಗುತ್ತಿತ್ತು.

ಒಂದು ಗ್ಯಾರೇಜಿಗೆ ಒಯ್ದೆವು. ಅವರು ಬಾನೆಟ್ ಎತ್ತಿ ಸದ್ದು ಕೇಳಿ, "ನಾಲ್ಕೂ ಇಂಜೆಕ್ಟರ್ ಹೋಗ್ಯಾವ್ರಿ, 18,000 ಆಕ್ಕೈತಿ" ಅಂದರು. ತಿಂಗಳ ಕೊನೆ, ನಮ್ಮಲ್ಲಿ ದುಡ್ಡಿರಲಿಲ್ಲ. ಅದೇ ನಮ್ಮನ್ನು ಉಳಿಸಿತು.

ಇನ್ನೊಂದು ಗ್ಯಾರೇಜಿನಲ್ಲಿ ನಮ್ಮದೇ ಶಾಲೆಯಲ್ಲಿ ಕಲಿತ ಹುಡುಗನಿದ್ದ. ಅವನು ಪಾನಾ ಹಿಡಿಯುವ ಮೊದಲು ಕೇಳಿದ: "ಗುರೂಜಿ, ಮುಂಜಾನೆ ಅಷ್ಟ ನಡಗತೈತೋ, ಯಾವಾಗಲೂನೋ? ಹೊಗಿ ಯಾವ ಬಣ್ಣ ಬರತೈತ್ರಿ? ಡೀಸೆಲ್ ಫಿಲ್ಟರ್ ಯಾವಾಗ ಹಾಕ್ಸೀರಿ?" ಆಮೇಲೆ ಫಿಲ್ಟರಿನ ತಳದ ನೀರು ಬಸಿದ. ಪಂಪಿಗೆ ಹೋಗುವ ರಬ್ಬರ್ ಪೈಪ್ ತೆಗೆದು ಅದರ ಜಾಗಕ್ಕೆ ಪಾರದರ್ಶಕ ಪೈಪ್ ಹಾಕಿ ಸ್ಟಾರ್ಟ್ ಮಾಡಿದ. ಸರಸರನೆ ಗುಳ್ಳೆಗಳು ಹರಿದವು! ಫಿಲ್ಟರಿನ ಹಿಂದಿನ, ಟ್ಯಾಂಕಿನ ಕಡೆಯ ಪೈಪು ಸೀಳಿ ಗಾಳಿ ಎಳೆಯುತ್ತಿತ್ತು. ಹೊಸ ಪೈಪು, ಎರಡು ಕ್ಲಿಪ್, ಎಲ್ಲ ಸೇರಿ 200 ರೂಪಾಯಿಯೊಳಗೆ ಮುಗಿಯಿತು.

ಹೀಗೇಕೆ? ಡೀಸೆಲ್ ಎಂಜಿನ್ನಿಗೆ ಸ್ಪಾರ್ಕ್ ಪ್ಲಗ್ ಇಲ್ಲ. ಸಿಲಿಂಡರಿನಲ್ಲಿ ಗಾಳಿಯನ್ನು 20ರಲ್ಲಿ ಒಂದು ಪಾಲಿನಷ್ಟು ಜಾಗಕ್ಕೆ ಒತ್ತಿದಾಗ ಅದು 500 ಡಿಗ್ರಿ ದಾಟಿ ಕಾಯುತ್ತದೆ. ಅದರೊಳಗೆ ಸಿಂಪಡಿಸಿದ ಡೀಸೆಲ್ ತಾನಾಗಿ ಹೊತ್ತುತ್ತದೆ. ಸೈಕಲ್ ಪಂಪಿನ ತಳ ಬಿಸಿಯಾಗುವುದೂ ಇದೇ ತತ್ವ. ಆದರೆ ಡೀಸೆಲ್ ಪೈಪಿನೊಳಗೆ ಗಾಳಿ ಸೇರಿದರೆ ಪಂಪಿನ ಒತ್ತಡವೆಲ್ಲ ಆ ಗುಳ್ಳೆಯನ್ನು ಕುಗ್ಗಿಸುವುದರಲ್ಲೇ ಹೋಗುತ್ತದೆ. ಸಿಲಿಂಡರ್ ಮಿಸ್ ಹೊಡೆಯುತ್ತದೆ, ಅರೆಬೆಂದ ಡೀಸೆಲ್ ಬಿಳಿ ಹೊಗೆಯಾಗುತ್ತದೆ.

ಆದ್ದರಿಂದ ನಮ್ಮ ಮಾತಿಷ್ಟೇ: ಅಗ್ಗದ್ದರಿಂದ ದುಬಾರಿಯ ಕಡೆಗೆ ಹುಡುಕಿರಿ. ಮೊದಲು ಡೀಸೆಲ್ ಫಿಲ್ಟರ್, ನೀರು, ಪೈಪಿನ ಸೋರಿಕೆ. ನಂತರ ಏರ್ ಫಿಲ್ಟರ್; ನಮ್ಮ ಕಡೆಯ ಧೂಳಿಗೆ ಅದು ಬೇಗ ಕಟ್ಟಿಕೊಳ್ಳುತ್ತದೆ. ಆಮೇಲೆ ಎಂಜಿನ್ ಮೌಂಟಿಂಗ್ ರಬ್ಬರ್. ಕೊನೆಗೆ ಇಂಜೆಕ್ಟರ್, ಕಂಪ್ರೆಶನ್. ಕಪ್ಪು ಹೊಗೆಯೆಂದರೆ ಡೀಸೆಲ್ ಹೆಚ್ಚು ಅಥವಾ ಗಾಳಿ ಕಡಿಮೆ. ನೀಲಿ ಹೊಗೆಯೆಂದರೆ ಎಂಜಿನ್ ಆಯಿಲ್ ಉರಿಯುತ್ತಿದೆ. ಎಂಜಿನ್ ಕಾದ ಮೇಲೂ ಬಿಳಿ ಹೊಗೆ ನಿಲ್ಲದೆ ಕೂಲಂಟ್ ಇಳಿಯುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ಮೇಲೆ ಅನುಮಾನ.

ಹಳೆಯ ಗಾಡಿಗಳಲ್ಲಿ ಮಿಸ್ತ್ರಿಗಳು ಇಂಜೆಕ್ಟರ್ ಪೈಪಿನ ನಟ್ಟನ್ನು ಒಂದೊಂದಾಗಿ ಸಡಿಲಿಸಿ, ಯಾವುದಕ್ಕೆ ಸದ್ದು ಬದಲಾಗುವುದಿಲ್ಲವೋ ಆ ಸಿಲಿಂಡರಿನಲ್ಲಿ ದೋಷ ಎಂದು ಹಿಡಿಯುತ್ತಾರೆ. ಕಾಮನ್ ರೈಲ್ ಗಾಡಿಗಳಲ್ಲಿ ಇದನ್ನು ಖಂಡಿತ ಮಾಡಬಾರದು. ಅಲ್ಲಿನ ಒತ್ತಡ 1,000 ಬಾರ್ ಮೀರುತ್ತದೆ, ಡೀಸೆಲ್ ಚರ್ಮ ಸೀಳಿ ಒಳಹೊಗುತ್ತದೆ. ಅವಕ್ಕೆ ಸ್ಕ್ಯಾನರ್ ಬೇಕು. ಆದರೆ ಸ್ಕ್ಯಾನರ್ ತೋರಿಸುವ ಕೋಡ್ ಕೂಡ ಬರೀ ಕೈಮರ. ಊರು ಮುಟ್ಟಬೇಕಾದವರು ನಾವೇ.

ಇನ್ನೊಂದು ಮಾತು ಹೇಳಲೇಬೇಕು. ಆ ಹುಡುಗನಿಗೆ ಏಳನೇ ತರಗತಿಯ ವಿಜ್ಞಾನದಲ್ಲಿ ಕಡಿಮೆ ಅಂಕ ಕೊಟ್ಟವರು ನಾವೇ. 'ಕಾರಣ ಕೊಡಿ' ಪ್ರಶ್ನೆಗೆ ಅವನು ನೋಟ್ಸಿನಲ್ಲಿದ್ದಂತೆ ಬರೆಯುತ್ತಿರಲಿಲ್ಲ. "ಕನ್ನಡ ಶಾಲೆ ಕಲಿತು ಏನ್ ಮಾಡ್ತಾನ?" ಎಂದು ಪಾಲಕರು ಕೇಳಿದಾಗ ನಾವು ತಡವರಿಸುತ್ತೇವೆ. ಅಂದು ಗ್ಯಾರೇಜಿನಲ್ಲಿ ಅವನು ಕೇಳಿದ ಮೂರೂ ಪ್ರಶ್ನೆಗಳು ಕನ್ನಡದಲ್ಲೇ ಇದ್ದವು, ಮೂರೂ ಸರಿಯಾಗಿದ್ದವು. ಕೊರತೆ ಇರುವುದು ಭಾಷೆಯಲ್ಲಲ್ಲ, ಉತ್ತರ ಬಾಯಿಪಾಠ ಮಾಡಿಸಿ ಪ್ರಶ್ನೆ ಕೇಳಲು ಬಿಡದ ನಮ್ಮ ಪದ್ಧತಿಯಲ್ಲಿ.

ಈ ವರ್ಷ ಸೈಕಲ್ ಪಂಪು, ಹಳೆಯ ಡೀಸೆಲ್ ಫಿಲ್ಟರ್, ಆ ಸೀಳಿದ ಪೈಪು ಮೂರನ್ನೂ ತರಗತಿಗೆ ಒಯ್ಯಲಿದ್ದೇವೆ. ನೋಟ್ಸಿನಲ್ಲಿ ಇಲ್ಲದ ಕಾರಣ ಬರೆದರೂ, ಅದು ಸರಿಯಿದ್ದರೆ, ಪೂರ್ತಿ ಅಂಕ ಕೊಡುತ್ತೇವೆ. ನೀವೇನಂತೀರಿ?